ಕಾಯುವ ಹೊತ್ತಿನಲ್ಲೇ ವ್ಯಾಪಾರದ ನಂಟು



ವ್ಯಾಪಾರ ಮಾಡಬೇಕಾದರೆ ನಾಲ್ಕು ಜನರ ಪರಿಚಯ ಇರಬೇಕು ಅಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯವರು ಕೇಳುವ ಮೊದಲ ಮಾತು, ‘ಅದಕ್ಕೆಲ್ಲ ಹೊತ್ತೆಲ್ಲಿದೆ ಸ್ವಾಮಿ?’ ಕೇಳುವುದು ಸರಿಯಾಗಿಯೇ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಗೆಸೊಪ್ಪಿನ ಸಸಿಮಡಿ. ಮಳೆ ಬಿದ್ದ ಕೂಡಲೇ ನಾಟಿ. ಜುಲೈನಿಂದ ಸೊಪ್ಪು ಮುರಿಯುವುದು, ಬೇಯಿಸುವುದು. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲು ರಾತ್ರಿ ಶಾಖ ನೋಡುತ್ತಲೇ ಇರಬೇಕು. ಇದರ ನಡುವೆ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕಬೇಕು. ಹೀಗಿರುವಾಗ ನಿಮಗೆ ಯಾರಾದರೂ ಮೈಸೂರಿನ ಹೋಟೆಲಿನಲ್ಲಿ ನಡೆಯುವ ಉದ್ಯಮಿಗಳ ಸಭೆಗೆ ಹೋಗಿ ಕಾರ್ಡು ಹಂಚಿ ಬನ್ನಿ ಅಂತ ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗಿ.

ಆದರೂ ಪರಿಚಯ ಬೇಕು. ಯಾಕೆ ಅಂತ ಹೇಳುತ್ತೇನೆ. ತಂಬಾಕು ಮಂಡಳಿ ಬಂದದ್ದು 1976ರಲ್ಲಿ. ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಅಲ್ಲಿಂದೀಚೆಗೆ ಬೆಳೆಗಾರ ಬೇಲು ಕಟ್ಟಿಕೊಂಡು ಕಟ್ಟೆಮಳಲವಾಡಿಯದೋ ಕಂಪಲಾಪುರದ್ದೋ ಹರಾಜುಕಟ್ಟೆಗೆ ಹೋದರೆ ಸಾಕು, ಕಂಪನಿಯವರು ಅಲ್ಲಿಗೇ ಬಂದಿರುತ್ತಾರೆ. ಬೆಲೆಗೆ ಜಗಳ ಆಗಿದೆ, ಗ್ರೇಡಿಗೆ ಗಲಾಟೆ ಆಗಿದೆ, ಹರಾಜು ನಿಲ್ಲಿಸಿ ಧರಣಿ ಕೂತದ್ದೂ ಇದೆ. ಆದರೆ ಕೊಳ್ಳುವವರನ್ನು ಹುಡುಕಿಕೊಂಡು ಹೋಗುವ ಕೆಲಸ ಮಾತ್ರ ನಮ್ಮ ಮೇಲೆ ಬೀಳಲಿಲ್ಲ. ನನಗೆ ಅನ್ನಿಸುವುದು, ಒಂದು ತಲೆಮಾರಿಗೆ ಆ ರೂಢಿಯೇ ತಪ್ಪಿಹೋಯಿತು. ಈಗ ನೋಡಿ, ತಂಬಾಕು ಬಳಕೆ ಕಡಿಮೆ ಮಾಡುವ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಒಪ್ಪಿಕೊಂಡಿದೆ. ಬೇರೆ ಬೆಳೆ ನೋಡಿಕೊಳ್ಳಿ ಅನ್ನುವ ಮಾತು ವರ್ಷವರ್ಷವೂ ಬರುತ್ತಿದೆ. ನೋಡಿಕೊಳ್ಳೋಣ. ಆದರೆ ಶುಂಠಿಗೆ ಆ ಥರದ ಹರಾಜುಕಟ್ಟೆ ಇಲ್ಲ, ಬಾಳೆಗೆ ಇಲ್ಲ, ಮನೆಯಲ್ಲಿ ಮಾಡಿದ ರಾಗಿ ಹುರಿಹಿಟ್ಟಿಗಂತೂ ಇಲ್ಲವೇ ಇಲ್ಲ. ಕೊಳ್ಳುವವರು ಯಾರು, ಎಲ್ಲಿದ್ದಾರೆ ಅಂತ ನಾವೇ ತಿಳಿದುಕೊಳ್ಳಬೇಕು. 2023ರಲ್ಲಿ ಶುಂಠಿ ಬೆಲೆ ಆಕಾಶಕ್ಕೇರಿ ಆಮೇಲೆ ಕುಸಿಯಿತಲ್ಲ, ಆಗ ಒಬ್ಬನೇ ವ್ಯಾಪಾರಿಯ ನಂಬರು ಇಟ್ಟುಕೊಂಡವರಿಗೆ ಅವನು ಹೇಳಿದ್ದೇ ಬೆಲೆ.

ಹೊಸದಾಗಿ ಹೊತ್ತು ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಈಗಾಗಲೇ ಕಾಯುತ್ತಾ ಕಳೆಯುವ ಹೊತ್ತು ನಿಮ್ಮ ಹತ್ತಿರ ಬೇಕಾದಷ್ಟಿದೆ. ಹರಾಜುಕಟ್ಟೆಯಲ್ಲಿ ಬೇಲು ಇಳಿಸಿದ ಮೇಲೆ ಸರದಿ ಬರುವವರೆಗೆ ಏನು ಮಾಡುತ್ತೀರಿ? ನಮ್ಮೂರಿನವರು ನಮ್ಮೂರಿನವರ ಜೊತೆಗೇ ಕೂತು ನಮ್ಮೂರಿನ ಮಾತನ್ನೇ ಆಡುತ್ತೇವೆ. ಅಲ್ಲಿ ಹತ್ತಾರು ಊರಿನ ಜನ ಇರುತ್ತಾರೆ. ಒಬ್ಬರಿಗೆ ಕೊಡಗಿನ ವ್ಯಾಪಾರಿಯ ಗುರುತಿರುತ್ತದೆ, ಇನ್ನೊಬ್ಬರ ಅಳಿಯ ಮೈಸೂರಿನಲ್ಲಿ ತರಕಾರಿ ಮಂಡಿ ಇಟ್ಟಿರುತ್ತಾನೆ. ಬೇಲು ಸಾಗಿಸುವ ಟೆಂಪೊ ಡ್ರೈವರನ್ನು ಮರೆಯಬೇಡಿ. ಯಾವ ಊರಿನ ಮಾಲು ಎಲ್ಲಿಗೆ ಹೋಗುತ್ತದೆ ಅಂತ ಅವನಿಗೆ ಗೊತ್ತಿರುವಷ್ಟು ಅಧಿಕಾರಿಗಳಿಗೂ ಗೊತ್ತಿರುವುದಿಲ್ಲ.

ಕೆ.ಆರ್. ನಗರದ ನಾಲೆ ಬಯಲಿನವರಿಗೆ ಇದೇ ಮಾತು ರೈಸ್‌ಮಿಲ್ಲಿನ ಮುಂದೆ. ಚುಂಚನಕಟ್ಟೆಯ ದನದ ಜಾತ್ರೆಯಂತೂ ಇದಕ್ಕೇ ಹೇಳಿ ಮಾಡಿಸಿದ ಜಾಗ. ಸಂಕ್ರಾಂತಿ ಆಸುಪಾಸಿನಲ್ಲಿ ಹೇಗೂ ಹೋಗುತ್ತೀರಿ, ಹೊರಜಿಲ್ಲೆಯ ರೈತರೂ ಬಂದಿರುತ್ತಾರೆ. ಎತ್ತಿನ ಹಲ್ಲು ನೋಡಿ ಮುಗಿದ ಮೇಲೆ ಅವರು ಏನು ಬೆಳೆಯುತ್ತಾರೆ, ಯಾರಿಗೆ ಕೊಡುತ್ತಾರೆ ಅಂತ ಒಂದು ಮಾತು ಕೇಳಿ.

ಮಾತು ಶುರು ಮಾಡುವುದು ಹೇಗೆ ಅನ್ನುವವರಿಗೆ ಹೇಳುತ್ತೇನೆ. ‘ಹಂಪಾಪುರದ ಕಡೆಯವನು, ಒಂದೆಕರೆ ಬಾಳೆ ಇದೆ, ದೀಪಾವಳಿ ಹೊತ್ತಿಗೆ ಗೊನೆ ಬರುತ್ತದೆ’. ಇಷ್ಟೇ. ಯಾವ ಊರು, ಏನು ಮಾಲು, ಎಷ್ಟು, ಯಾವಾಗ ಅನ್ನುವುದು ಒಂದೇ ಉಸಿರಿನಲ್ಲಿ ಬರಬೇಕು. ಆಮೇಲೆ ಅವರ ಕಥೆ ಕೇಳಿ. ನಂಬರು ತೆಗೆದುಕೊಂಡಾಗ ಮೊಬೈಲಿನಲ್ಲಿ ಬರೀ ಹೆಸರು ಹಾಕಬೇಡಿ, ಕಸುಬು ಮತ್ತು ಊರನ್ನು ಜೊತೆಗೆ ಸೇರಿಸಿ. ನಮ್ಮಲ್ಲಿ ಮಹದೇವ, ಸ್ವಾಮಿ, ಮಂಜು ಅನ್ನುವ ಹೆಸರು ಎಷ್ಟಿವೆ ಅಂದರೆ ಆರು ತಿಂಗಳ ಮೇಲೆ ಯಾವ ಮಂಜು ಅಂತ ನಿಮಗೇ ಹೊಳೆಯುವುದಿಲ್ಲ. ಎರಡು ದಿನದೊಳಗೆ ಒಂದು ಸಲ ಫೋನು ಮಾಡಿ, ಎರಡು ನಿಮಿಷ ಸಾಕು. ವಾಟ್ಸಾಪಿನಲ್ಲಿ ದಿನಾ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುವುದನ್ನು ಪರಿಚಯ ಅಂದುಕೊಳ್ಳಬೇಡಿ, ಅದು ಇಬ್ಬರ ಹೊತ್ತನ್ನೂ ತಿನ್ನುತ್ತದೆ. ಅದರ ಬದಲು ವಾರಕ್ಕೊಂದು ಸಲ ಉಪಯೋಗಕ್ಕೆ ಬರುವ ಸುದ್ದಿ ಕೊಡಿ. ಇವತ್ತು ಇಂಥ ಕಡೆ ಜೋಳಕ್ಕೆ ಇಷ್ಟು ಬೆಲೆ ಇದೆ, ಇಂಥವರಿಗೆ ಬಾಳೆಕಂದು ಬೇಕಂತೆ. ನಿಮಗೆ ಲಾಭವಿಲ್ಲದ ಸುದ್ದಿಯಾದರೂ ಸರಿ. ಅಂಥ ಸುದ್ದಿ ಕೊಟ್ಟವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಹೆಚ್ಚು ಜನ ಬೇಕಾಗಿಲ್ಲ ಅನ್ನುವುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯೇ ಸಾಕ್ಷಿ. 1961ರಲ್ಲಿ ಅಲ್ಲಿ ನೆಲೆ ಕಂಡ ಟಿಬೆಟನ್ನರಿಗೆ ಭಾಷೆ ಹೊಸದು, ನೆಂಟರು ಇಲ್ಲ. ಮುಂದೆ ಅವರಲ್ಲಿ ಬಹಳ ಮಂದಿ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರತೊಡಗಿದರು. ಮಾಲು ಬಹುಪಾಲು ಪಂಜಾಬಿನ ಲೂಧಿಯಾನದ್ದು. ಅಲ್ಲಿನ ವ್ಯಾಪಾರಿಗಳು ಟಿಬೆಟನ್ನರಿಗೆ ಸಾಲದ ಮೇಲೆ ಮಾಲು ಕೊಡುತ್ತಾರೆ, ಚಳಿಗಾಲ ಮುಗಿದಾಗ ಇವರು ಲೆಕ್ಕ ತೀರಿಸುತ್ತಾರೆ. ಉಳಿದ ತಿಂಗಳು ಮುಸುಕಿನ ಜೋಳದ ಹೊಲ, ಮನೆಕೆಲಸ. ವರ್ಷದಲ್ಲಿ ನಾಲ್ಕಾರು ತಿಂಗಳಷ್ಟೇ ನಡೆಯುವ ಈ ನಂಟು ದಶಕಗಟ್ಟಲೆ ಉಳಿದದ್ದು ಹೇಳಿದ ಹೊತ್ತಿಗೆ ಹಣ ತಲುಪಿಸಿದ್ದರಿಂದ. ನಿಮಗೂ ಗೊಬ್ಬರದ ಅಂಗಡಿಯವರು ಒಬ್ಬರು, ಸಾಗಾಣಿಕೆಯವರು ಒಬ್ಬರು, ಕೊಳ್ಳುವವರು ಇಬ್ಬರು ಮೂವರು ಹೀಗೆ ಗಟ್ಟಿಯಾಗಿ ಸಿಕ್ಕರೆ ಸಾಕು.

ಹೆಣ್ಣುಮಕ್ಕಳ ವಿಷಯ ಬೇರೆಯೇ ಇದೆ. ಸೊಪ್ಪು ಪೋಣಿಸುವುದು, ಬೆಂದ ಸೊಪ್ಪನ್ನು ಗ್ರೇಡು ಮಾಡುವುದು ಹೆಚ್ಚಾಗಿ ಅವರು. ಹರಾಜುಕಟ್ಟೆಗೆ ಹೋಗುವವರು, ಟೀ ಅಂಗಡಿಯ ಬೆಂಚಿನ ಮೇಲೆ ಕೂರುವವರು ಗಂಡಸರು. ವ್ಯಾಪಾರದ ಸುದ್ದಿಯೆಲ್ಲ ಓಡಾಡುವುದು ಆ ಬೆಂಚಿನ ಮೇಲೆ. ಹಾಗಾಗಿ ಅಕ್ಕಂದಿರಿಗೆ, ತಾಯಂದಿರಿಗೆ ನನ್ನ ಸಲಹೆ, ನಿಮ್ಮ ಸ್ತ್ರೀಶಕ್ತಿ ಸಂಘದ ಸಭೆಯನ್ನೇ ಹಿಡಿಯಿರಿ. ಉಳಿತಾಯ, ಸಾಲದ ಲೆಕ್ಕ ಮುಗಿದ ಕೂಡಲೇ ಎದ್ದು ಹೋಗಬೇಡಿ. ಇನ್ನೊಂದು ಹತ್ತು ನಿಮಿಷ ಕೂತು ಯಾರು ಏನು ಮಾರುತ್ತಿದ್ದೀರಿ, ಯಾರಿಗೆ ಏನು ಬೇಕಾಗಿದೆ ಅಂತ ಒಬ್ಬೊಬ್ಬರೂ ಹೇಳಿ. ಹಪ್ಪಳ ಮಾಡುವವರ ಪಕ್ಕದಲ್ಲೇ ಮದುವೆ ಅಡುಗೆ ಕಂಟ್ರಾಕ್ಟರಿನ ತಂಗಿ ಕೂತಿರಬಹುದು. ಹೊರಗಿನ ಓಡಾಟವನ್ನು ಹಂಚಿಕೊಳ್ಳಿ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ 1950ರಿಂದ ಆಹಾರ ಸಂಸ್ಕರಣೆಯ ಕೆಲಸ ಮಾಡುತ್ತಿದೆ, ತರಬೇತಿಯನ್ನೂ ಕೊಡುತ್ತದೆ. ಹತ್ತು ಜನವೂ ಬಸ್ಸು ಹತ್ತಬೇಕಾಗಿಲ್ಲ. ಒಬ್ಬರು ಕಲಿತು ಬಂದು ಉಳಿದವರಿಗೆ ಹೇಳಿಕೊಡಲಿ. ಆ ದಿನ ಅವರ ಮನೆಯ ಹಾಲನ್ನು ಇನ್ನೊಬ್ಬರು ಕರೆದು ಹಾಕಲಿ.

ಕೊನೆಗೆ ಒಂದು ಎಚ್ಚರಿಕೆ. ಪರಿಚಯ ಆಯಿತು ಅಂದ ತಕ್ಷಣ ಜಾಮೀನು ಸಹಿ ಕೇಳುವವರು ಬರುತ್ತಾರೆ, ಚೀಟಿ ಹಾಕಿ ಅನ್ನುವವರೂ ಬರುತ್ತಾರೆ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಅಂದುಬಿಡಿ, ಅದರಲ್ಲಿ ಅವಮಾನ ಏನೂ ಇಲ್ಲ. ಹೊಸ ವ್ಯಾಪಾರಿಗೆ ಮೊದಲ ಸಲ ಇಡೀ ಹೊಲದ ಶುಂಠಿ ಕೊಡಬೇಡಿ, ಸ್ವಲ್ಪ ಕೊಟ್ಟು ಅವನ ಲೆಕ್ಕ ಹೇಗಿದೆ ನೋಡಿ. ಲಾರಿ ನಂಬರು ಬರೆದಿಟ್ಟುಕೊಳ್ಳಿ, ತೂಕದ ಚೀಟಿ ಇಸಿದುಕೊಳ್ಳಿ, ಹಣ ಖಾತೆಗೆ ಬಿದ್ದದ್ದು ನೋಡಿದ ಮೇಲೆ ಲಾರಿ ಬಿಡಿ.