ಓಲೆಗರಿಗಳ ಋಣ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ನಾರಾಯಣಪುರದ ಶಿವಾಲಯವನ್ನು ಕಾಣದವರು ಈ ಸಭೆಯಲ್ಲಿ ವಿರಳ. ಬಸವಕಲ್ಯಾಣಕ್ಕೆ ಸಮೀಪದಲ್ಲಿರುವ ಆ ಚಾಲುಕ್ಯರ ಕಾಲದ ಗುಡಿಯು ಶತಮಾನಗಳ ಮಳೆಬಿಸಿಲುಗಳನ್ನು ಸಹಿಸಿ ನಿಂತಿರುವದು. ಕಲ್ಲು ತನ್ನ ಚರಿತ್ರೆಯನ್ನು ತಾನೇ ಕಾಯ್ದುಕೊಂಡಿತು. ಆದರೆ 12ನೆಯ ಶತಮಾನದಲ್ಲಿ ಇದೇ ಕಲ್ಯಾಣದ ನೆಲದಲ್ಲಿ ಬಸವಾದಿ ಪ್ರಮಥರು ಆಡಿದ ಮಾತಿಗೆ ಕಲ್ಲಿನ ಆಸರೆ ಇರಲಿಲ್ಲ. ಬಿಜ್ಜಳನ ಕಾಲದ ಕ್ಷೋಭೆಯಲ್ಲಿ ಶರಣರು ದಿಕ್ಕುದಿಕ್ಕಿಗೆ ಚದರಿದರು. ಅವರ ವಚನಗಳು ಕಾಲಾಂತರದಲ್ಲಿ ತಾಡವೋಲೆಗಳನ್ನೇರಿ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಉಳಿದವು. ಆ ಓಲೆಯ ಕಟ್ಟುಗಳನ್ನು ಬಿಚ್ಚಿ ನಾಡಿಗೆ ಓದಿಸಿದವರಲ್ಲಿ ಅಗ್ರಗಣ್ಯರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ಕಾನೂನು ಕಲಿತು ವಿಜಾಪುರದಲ್ಲಿ ವಕೀಲರಾದರು. ವಕೀಲಿಯು ಅವರ ವೃತ್ತಿ. ವಚನವು ಅವರ ವ್ರತ. ಎರಡೂ ಬೇರೆಬೇರೆ ದಾರಿಗಳೆಂದು ಹೊರಗಿನವರಿಗೆ ತೋರಬಹುದು. ಆದರೆ ದಾಖಲೆಯಿಲ್ಲದ ಮಾತು ನ್ಯಾಯಸ್ಥಾನದಲ್ಲಿ ನಿಲ್ಲದೆಂಬುದನ್ನು ವಕೀಲನಿಗೆ ಕಲಿಸಬೇಕಾಗಿಲ್ಲ. ಶರಣರ ಹಿರಿಮೆಯನ್ನು ಬಾಯಿಂದ ಹೊಗಳಿದರೆ ಸಾಲದು, ಅವರ ನುಡಿಯನ್ನೇ ಸಾಕ್ಷಿಯಾಗಿ ನಿಲ್ಲಿಸಬೇಕೆಂದು ಅವರು ಓಲೆಗಳನ್ನರಸುತ್ತ ಊರೂರು ತಿರುಗಿದರು, ಸವೆದ ಅಕ್ಷರಗಳನ್ನು ಬಿಡಿಸಿದರು.

ಆ ಶ್ರಮದ ಮೊದಲ ದೊಡ್ಡ ಫಲ 1923ರಲ್ಲಿ ಪ್ರಕಟವಾದ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗ. ಪರರ ಮುದ್ರಣಾಲಯಗಳನ್ನು ನೆಚ್ಚಿ ಕುಳಿತರೆ ಕೆಲಸ ಸಾಗದೆಂದು ಕಂಡು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವೂ ಅವರಿಗೆ ಸಂದಿತು. ವೃತ್ತಿಯಿಂದ ಬಂದ ಹಣವು ಅಚ್ಚುಮೊಳೆಗೂ ಕಾಗದಕ್ಕೂ ಸಂದು ಹೋಯಿತು. ನಾಡಿಗೆ ಇಷ್ಟು ಸಂಪತ್ತನ್ನು ಕೊಟ್ಟವರು ತಾವು ಬಡತನವನ್ನುಂಡು 1964ರಲ್ಲಿ ಲಿಂಗೈಕ್ಯರಾದರು.

ಈ ಚರಿತ್ರೆಯನ್ನು ಕೇಳಿ ಕೈಮುಗಿದರೆ ಸಾಕೇ? ನಮ್ಮ ಸೀಮೆಯ ಮನೆಗಳಲ್ಲಿ ಹಿರಿಯರಿಂದ ಬಂದ ಓಲೆಯ ಕಟ್ಟು ಜಗಲಿಯ ಮೇಲಿದ್ದರೆ ಅದಕ್ಕೆ ವಿಭೂತಿ ಹಚ್ಚಿ ಪತ್ರೆ ಏರಿಸುವದುಂಟು, ಬಿಚ್ಚಿ ನೋಡುವದಿಲ್ಲ. ಬಿಚ್ಚಿದರೆ ಮೈಲಿಗೆ, ಕೊಟ್ಟರೆ ಮನೆಗೆ ಕೇಡು ಎಂಬ ಅಂಜಿಕೆಯಲ್ಲಿ ಭಕ್ತಿಯಿರುವದು ನಿಜ. ಆದರೆ ಗೆದ್ದಲಿಗೆ ಆ ಭಕ್ತಿಯ ಅರಿವಿಲ್ಲ. ನಾವು ಪೂಜಿಸುತ್ತಿರುವಾಗಲೇ ಅದು ಒಳಗಿನ ಅಕ್ಷರವನ್ನು ತಿನ್ನುತ್ತಿರುವದು. ಶರಣರು ನುಡಿದುದು ಕಟ್ಟಿಡುವದಕ್ಕಲ್ಲ, ತಿಳಿದು ನಡೆಯುವದಕ್ಕೆ.

ಇಂದು ಓಲೆಯನ್ನು ಮನೆಯಿಂದ ಹೊರಗೆ ಕಳುಹದೆಯೂ ಛಾಯಾಚಿತ್ರದಿಂದ ಅದರ ಪ್ರತಿಯನ್ನು ಮಾಡಿಕೊಳ್ಳಬಹುದು. ಓಲೆ ಮನೆಯಲ್ಲಿರಲಿ, ನುಡಿ ಸಮಾಜಕ್ಕೆ ಸಲ್ಲಲಿ. ನಾರಾಯಣಪುರದ ಕಲ್ಲು ಬಹುಕಾಲ ಉಳಿದೀತು. ಓಲೆಗೆ ಅಷ್ಟು ಆಯುಷ್ಯವಿಲ್ಲ. ಈ ಮಹೋತ್ಸವದಿಂದ ಮನೆಗೆ ಮರಳಿದವರು ಜಗಲಿಯ ಕಟ್ಟನ್ನು ಶುಚಿಯಾದ ಕೈಯಿಂದ ಒಮ್ಮೆ ಬಿಚ್ಚಿ, ಓದಬಲ್ಲವರಿಗೆ ತೋರಿಸಿದರೆ ಹಳಕಟ್ಟಿಯವರ ಋಣದಲ್ಲಿ ಒಂದು ಎಳೆಯಾದರೂ ತೀರುವದು.