ಬಿದ್ದವನ ಹಿಂದೆ ಇಳಿಯಬೇಡಿ
(ಅಹಮದಾಬಾದಿನಲ್ಲಿ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನ ಕೆಲಸ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಇಲ್ಲಿಂದಲೇ ಗಿರಣಿಯ ರಾತ್ರಿಪಾಳಿಗೆ ಹೊರಡುವವರೂ ಇದ್ದೀರಿ. ಆದುದರಿಂದ ಉದ್ದದ ಭಾಷಣ ಮಾಡುವುದಿಲ್ಲ. ಕೂಲಿ, ಬೋನಸ್ಸು, ರಜೆಗಳ ಮಾತನ್ನು ನಾವು ಪ್ರತಿ ಸಭೆಯಲ್ಲಿಯೂ ಆಡುತ್ತೇವೆ, ಆಡಬೇಕಾದದ್ದೇ. ಆದರೆ ಕೂಲಿ ಎಣಿಸಿಕೊಳ್ಳಲು ಮೊದಲು ಜೀವ ಉಳಿದಿರಬೇಕಷ್ಟೆ. ಇಂದು ಜೀವದ ಮಾತು, ಟಾಕಿಗಳ ಮಾತು.

ಟಾಕಿ ಎಂದೊಡನೆ ಹೋಟೆಲಿನ ಮಾಣಿಗಳು, ಅಡಿಗೆಯವರು ‘ಅದು ಕಾರ್ಖಾನೆಯವರ ವಿಷಯ’ ಎಂದುಕೊಳ್ಳಬಹುದು. ಹಾಗಲ್ಲ. 2019ರ ಜೂನ್ ತಿಂಗಳಲ್ಲಿ ವಡೋದರಾ ಜಿಲ್ಲೆಯ ಡಭೋಯಿ ತಾಲ್ಲೂಕಿನ ಫರ್ತಿಕುಯಿ ಎಂಬಲ್ಲಿ ಒಂದು ಹೋಟೆಲಿನ ಪಾಯಿಖಾನೆ ಗುಂಡಿಯನ್ನು ತೊಳೆಯಲು ಜನರನ್ನು ಕರೆಸಿದರು. ಇಲ್ಲಿನವರು ಖಾಳ್‌ಕೂವೋ ಎನ್ನುತ್ತಾರಲ್ಲ, ಅದೇ. ಒಳಗಿಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲೆಂದು ಇಳಿದವರೂ ಬರಲಿಲ್ಲ. ಒಟ್ಟು ಏಳು ಜನ ಸತ್ತರು. ನಾಲ್ವರು ಸಫಾಯಿ ಕೆಲಸಗಾರರು. ಉಳಿದ ಮೂವರು ಹೋಟೆಲಿನ ನೌಕರರು, ನಮ್ಮ ನಿಮ್ಮಂಥವರು.

ಊರಿನ ಕಡೆಯ ಒಂದು ಸಂಗತಿಯನ್ನೂ ಹೇಳುತ್ತೇವೆ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜಪೆಯ ಬಳಿ ಮೀನು ಸಂಸ್ಕರಿಸುವ ಕಾರ್ಖಾನೆಯ ತ್ಯಾಜ್ಯದ ಟಾಕಿಯಲ್ಲಿ ಒಬ್ಬನು ಬಿದ್ದ. ಎತ್ತಲು ಹೋದವರು ಒಬ್ಬರ ಮೇಲೊಬ್ಬರು ಬಿದ್ದರು. ಐದು ಜನ ತೀರಿಕೊಂಡರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ತರುಣರು. ನಾವು ಇಲ್ಲಿಗೆ ಬಂದಂತೆ ಅವರು ನಮ್ಮೂರಿಗೆ ಬಂದಿದ್ದರು.

ಎರಡು ಕಡೆಯಲ್ಲಿಯೂ ನಡೆದದ್ದು ಒಂದೇ. ಮೊದಲನೆಯವನನ್ನು ಕೊಂದದ್ದು ಗಾಳಿ. ಉಳಿದವರನ್ನು ಕೊಂದದ್ದೂ ಅದೇ ಗಾಳಿ. ಆದರೆ ಅವರನ್ನು ಅಲ್ಲಿಗೆ ಇಳಿಸಿದ್ದು ಅವರ ಒಳ್ಳೆಯ ಮನಸ್ಸು. ಆದುದರಿಂದಲೇ ಈ ಮಾತು ಹೇಳುವುದು ನಮಗೆ ಕಷ್ಟವಾಗಿದೆ.

ಟಾಕಿಯೊಳಗೆ ಆಗುವುದೇನು? ಮಲ, ಮುಸುರೆ, ಮೀನು, ಬಣ್ಣದ ಗಿರಣಿಯ ಕೊಳಕು ನೀರು, ಯಾವುದೇ ಮುಚ್ಚಿದ ಜಾಗದಲ್ಲಿ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ; ತಳದಲ್ಲಿಯೇ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅನಿಲ ಹೆಚ್ಚಾದಾಗ ಮೂಗೇ ಸೋತು ಹೋಗಿ ವಾಸನೆ ತಿಳಿಯದು. ‘ವಾಸನೆ ಹೋಯಿತು, ಇನ್ನು ಇಳಿಯಬಹುದು’ ಎಂದುಕೊಂಡವನು ಎರಡು ಉಸಿರಿನಲ್ಲಿ ಕುಸಿಯಬಹುದು. ಅಲ್ಲದೆ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಪ್ರಾಣವಾಯು ಇರುತ್ತದೆ. ಅದು 19.5ಕ್ಕಿಂತ ಇಳಿದರೆ ಅಪಾಯ. ಮುಚ್ಚಿದ ಗುಂಡಿಯಲ್ಲಿ ಅದು ಎಷ್ಟಿದೆಯೆಂದು ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯುವುದಿಲ್ಲ. ಅಳೆಯುವ ಯಂತ್ರಕ್ಕೆ ಮಾತ್ರ ತಿಳಿಯುತ್ತದೆ. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ಬಿಡಿ. ಒಳಗೆ ಉರಿಯುವ ಅನಿಲವಿದ್ದರೆ ದೀಪವೇ ಸಿಡಿಮದ್ದಿನ ಬತ್ತಿಯಾದೀತು.

ಗಿರಣಿಯವರು ಇನ್ನೂ ಎಚ್ಚರದಿಂದಿರಬೇಕು. 2022ರ ಜನವರಿ 6ರ ಬೆಳಗಿನ ಜಾವ ಸೂರತ್ತಿನ ಸಚಿನ್ ಕೈಗಾರಿಕಾ ವಸಾಹತಿನಲ್ಲಿ ಟ್ಯಾಂಕರಿನಿಂದ ರಾಸಾಯನಿಕ ತ್ಯಾಜ್ಯವನ್ನು ಚರಂಡಿಗೆ ಬಿಟ್ಟರು. ಎದ್ದ ವಿಷಾನಿಲಕ್ಕೆ ಪಕ್ಕದ ಬಣ್ಣದ ಗಿರಣಿಯ ಬಳಿ ಆರು ಜನ ಬಲಿಯಾದರು. 2023ರ ನವೆಂಬರಿನಲ್ಲಿ ಅದೇ ವಸಾಹತಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಟಾಕಿ ಸಿಡಿದು ಬೆಂಕಿ ಹತ್ತಿತು. ಮಾರನೆಯ ದಿನ ಏಳು ಕಾರ್ಮಿಕರ ಶವಗಳು ಸಿಕ್ಕಿದವು. 2024ರ ಅಕ್ಟೋಬರಿನಲ್ಲಿ ಇದೇ ಅಹಮದಾಬಾದಿನ ನಾರೋಲಿನ ಬಟ್ಟೆ ಕಾರ್ಖಾನೆಯಲ್ಲಿ ಟ್ಯಾಂಕರಿನಿಂದ ಟಾಕಿಗೆ ಆಮ್ಲ ಇಳಿಸುವಾಗ ಎದ್ದ ಹೊಗೆಗೆ ಇಬ್ಬರು ಸತ್ತರು. ಮರುತಿಂಗಳು, ನವೆಂಬರ್ 11ರಂದು, ವಡೋದರಾ ಬಳಿಯ ಕೋಯಲಿ ತೈಲ ಶುದ್ಧೀಕರಣಾಗಾರದಲ್ಲಿ ಬೆಂಜೀನ್ ಟಾಕಿ ಸಿಡಿದು ಇಬ್ಬರು ಹೋದರು. ಎಣ್ಣೆ ಖಾಲಿಯಾದ ಟಾಕಿಯೂ ಖಾಲಿಯಲ್ಲ. ಅದರೊಳಗೆ ಆವಿ ತುಂಬಿರುತ್ತದೆ. ಅದರ ಹತ್ತಿರ ಬೀಡಿ ಹಚ್ಚುವುದು, ವೆಲ್ಡಿಂಗ್ ಮಾಡುವುದು ಸಾವನ್ನು ಕೂಗಿ ಕರೆದಂತೆ.

ಇದಕ್ಕೆ ಕಾನೂನಿಲ್ಲವೆ? ಇದೆ. 1948ರ ಕಾರ್ಖಾನೆ ಕಾಯ್ದೆಯ 36ನೆಯ ಕಲಮು ಸ್ಪಷ್ಟವಾಗಿ ಹೇಳಿತ್ತು: ವಿಷಾನಿಲದ ಭಯವಿರುವ ಟಾಕಿಯನ್ನು ಬಲ್ಲವನು ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು, ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಸಾಧನವೂ ಸೊಂಟಕ್ಕೆ ಪಟ್ಟಿಯೂ ಇರಬೇಕು, ಪಟ್ಟಿಯ ಹಗ್ಗದ ತುದಿ ಹೊರಗಿರುವವನ ಕೈಯಲ್ಲಿರಬೇಕು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ಜೀವಕ್ಕೆ ಅಪಾಯ ಕಂಡರೆ ಮಾಲೀಕನಿಗೂ ಸರಕಾರಿ ನಿರೀಕ್ಷಕನಿಗೂ ತಿಳಿಸುವ ಹಕ್ಕನ್ನು ಅದು ನಮಗೆ ಕೊಟ್ಟಿದೆ. ಕಾಯ್ದೆ ಬದಲಾದರೂ ಗಾಳಿಯ ಗುಣ ಬದಲಾಗಿಲ್ಲ. ಆ ಹಗ್ಗ ಇಂದಿಗೂ ಬೇಕು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಪಾಯಿಖಾನೆ ಗುಂಡಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಗಟಾರದೊಳಗಿನ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿದೆ. ಪರಿಹಾರ ಬರಲಿ, ಆದರೆ ಹೋದ ಮಗ ಬಾರನು.

ಹೋಟೆಲಿನ ಯಜಮಾನರಲ್ಲಿ ಅನೇಕರು ನಮ್ಮೂರಿನವರೇ. ಅವರಲ್ಲಿಯೂ ನಮ್ಮ ಬಿನ್ನಹ: ಗುಂಡಿ ತುಂಬಿದರೆ ಪಂಪಿನ ಗಾಡಿ ಕರೆಸಿರಿ. ‘ಸ್ವಲ್ಪ ಇಳಿದು ನೋಡೋ’ ಎಂದು ಮಾಣಿಗೆ ಹೇಳಬೇಡಿ. ಗಲ್ಲೆಯಿಂದ ಬಂದ ಮಾತಿಗೆ ಇಲ್ಲವೆನ್ನಲು ಆ ಹುಡುಗನಿಗೆ ಧೈರ್ಯ ಬಾರದು. ಸಫಾಯಿ ಕೆಲಸಗಾರನೂ ನಮ್ಮ ಸೋದರನೇ. ನಮ್ಮವನನ್ನು ಇಳಿಸದೆ ಅವನನ್ನು ಇಳಿಸಿದರೆ ಪಾಪ ಕಡಿಮೆಯಾಗುವುದಿಲ್ಲ.

ಇನ್ನು ನಾವು ಮಾಡಬೇಕಾದದ್ದು. ಗಾಳಿ ಅಳೆಯದೆ, ಹಗ್ಗವಿಲ್ಲದೆ, ಹೊರಗೊಬ್ಬ ನಿಲ್ಲದೆ ಯಾರೂ ಇಳಿಯಕೂಡದು. ಒಬ್ಬನೇ ಇಲ್ಲವೆಂದರೆ ಕೆಲಸ ಹೋದೀತು; ಹತ್ತು ಜನ ಸೇರಿ ಇಲ್ಲವೆಂದರೆ ಅದು ಸುರಕ್ಷತೆಯ ಬೇಡಿಕೆಯಾಗುತ್ತದೆ. ಒಗ್ಗಟ್ಟಿನ ಬಲವನ್ನು ಈ ಊರಿಗೆ ಕಲಿಸಬೇಕಾಗಿಲ್ಲ. 1918ರಲ್ಲಿ ಇಲ್ಲಿನ ಗಿರಣಿ ಮಜೂರರೇ ಅದನ್ನು ದೇಶಕ್ಕೆ ತೋರಿಸಿದವರು.

ಇಷ್ಟಾದರೂ ಒಬ್ಬನು ಬಿದ್ದನೆನ್ನಿ. ಆಗ ಕೂಗಿರಿ. 101ಕ್ಕೆ, 108ಕ್ಕೆ ಫೋನು ಮಾಡಿರಿ. ಹಗ್ಗವಿದ್ದರೆ ಹೊರಗಿನಿಂದಲೇ ಎಳೆಯಿರಿ. ಹೊರಗಿನಿಂದ ಒಳಕ್ಕೆ ಶುದ್ಧ ಗಾಳಿ ಊದಿಸಲು ಸಾಧ್ಯವಾದರೆ ಊದಿಸಿರಿ. ಆದರೆ ಹಿಂದೆ ಇಳಿಯಬೇಡಿ. ಗೆಳೆಯ ಕಣ್ಣೆದುರಿಗೆ ಬಿದ್ದಿರುವಾಗ ಮೇಲೆ ನಿಲ್ಲುವುದು ಎಷ್ಟು ಕಠಿಣವೆಂದು ನಾವು ಬಲ್ಲೆವು. ಅದು ಹೇಡಿತನವಲ್ಲ. ಇಳಿದವನು ಗೆಳೆಯನನ್ನು ಉಳಿಸಲಾರ. ಅವನ ಮನೆಯ ಜೊತೆಗೆ ತನ್ನ ಮನೆಯ ದೀಪವನ್ನೂ ಆರಿಸುತ್ತಾನೆ. ಮೊದಲೇ ಹಗ್ಗ ಕೇಳಿ, ಅದರ ತುದಿ ಹಿಡಿದು ನಿಲ್ಲುವವನೇ ನಿಜವಾದ ಸ್ನೇಹಿತ.

ನಾಳೆ ಕೆಲಸಕ್ಕೆ ಹೋದಾಗ ಒಂದು ಪ್ರಶ್ನೆ ಕೇಳಿರಿ: ‘ನಮ್ಮಲ್ಲಿ ಹಗ್ಗ ಎಲ್ಲಿದೆ?’ ಉತ್ತರ ಬರದಿದ್ದರೆ ಸಂಘಕ್ಕೆ ಬಂದು ಹೇಳಿರಿ. ನಿಮ್ಮೊಡನೆ ನಾವೂ ಬಂದು ಕೇಳುತ್ತೇವೆ.