ಪ್ರಶ್ನೆಯೂ ಒಂದು ಕೊಳಗವೇ
(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಬಂದಿರುವ ವಿದ್ಯಾರ್ಥಿ ಮಿತ್ರರೇ,

ನಮ್ಮ ಮೂರು ತಾಲ್ಲೂಕುಗಳ ಕುಟುಂಬಗಳ ಶೈಕ್ಷಣಿಕ ಸ್ಥಿತಿಗತಿ ತಿಳಿಯಲು ಮನೆಮನೆ ಸಮೀಕ್ಷೆ ನಡೆಸಬೇಕೆಂಬ ಮಾತು ಸಂಘದಲ್ಲಿ ನಡೆಯುತ್ತಿದೆ. ವಿದ್ಯಾರ್ಥಿವೇತನ ಯಾರಿಗೆ, ಹಾಸ್ಟೆಲ್ ಎಲ್ಲಿ ಎಂಬುದು ಅದರ ಆಧಾರದ ಮೇಲೆಯೇ ತೀರ್ಮಾನವಾಗಲಿದೆ. ಆದ್ದರಿಂದ ಪ್ರಶ್ನಾವಳಿ ತಯಾರಿಸುವ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

1951ರ ಕಾಗೋಡು ಸತ್ಯಾಗ್ರಹ ನಮ್ಮ ಸಾಗರ ತಾಲ್ಲೂಕಿನದೇ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದ ಹೋರಾಟ ಅದು. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ಮುಖ್ಯ ತಕರಾರುಗಳಲ್ಲೊಂದಾಗಿತ್ತು. ಎಣಿಸುವವನು ಎಷ್ಟೇ ಪ್ರಾಮಾಣಿಕನಾಗಿರಲಿ, ಕೊಳಗವೇ ಸರಿಯಿಲ್ಲದಿದ್ದರೆ ಲೆಕ್ಕ ಸರಿಯಾಗುವುದಿಲ್ಲ. ಸಮೀಕ್ಷೆಯಲ್ಲಿ ಪ್ರಶ್ನೆಯೇ ಕೊಳಗ.

ತೀರಾ ಸುಲಭವೆನಿಸುವ ಪ್ರಶ್ನೆಯೊಂದನ್ನು ತೆಗೆದುಕೊಳ್ಳಿ: 'ನಿಮಗೆ ಓದು ಬರಹ ಬರುತ್ತದೆಯೇ?' ಮನೆಯ ಹಿರಿಯ ತಾಯಿಯೊಬ್ಬರು ದಿನವೂ ಕುರ್‌ಆನ್ ಓದುತ್ತಾರೆ, ಆದರೆ ಅರಬಿಯ ಅರ್ಥ ತಿಳಿಯದು, ಬರೆಯಲೂ ಬಾರದು. ಇನ್ನೊಬ್ಬರು ಉರ್ದುವಿನಲ್ಲಿ ಪತ್ರ ಬರೆಯಬಲ್ಲರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೊದಲನೆಯವರು ಹೌದು ಎನ್ನಬಹುದು. ಎರಡನೆಯವರು 'ನಾನೆಲ್ಲಿ ಓದಿದ್ದೇನೆ ಮಗಾ' ಎನ್ನುತ್ತಾರೆ. ಜನಗಣತಿಯ ನಿಯಮದ ಪ್ರಕಾರ 7 ವರ್ಷ ತುಂಬಿದ್ದು, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲವರು ಸಾಕ್ಷರರು. ಶಾಲೆಗೆ ಹೋಗಿರಲೇಬೇಕೆಂದಿಲ್ಲ. ಅಂದರೆ ಎರಡನೆಯವರೇ ಸಾಕ್ಷರರು, ಮೊದಲನೆಯವರಲ್ಲ. ಉತ್ತರ ಎರಡೂ ಕಡೆ ತಿರುಗುಮುರುಗಾಯಿತು, ಯಾರೂ ಸುಳ್ಳು ಹೇಳಲಿಲ್ಲ! 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 64.8, ಮುಸ್ಲಿಮರದು ಶೇ. 59.1 ಇತ್ತು. ಸಾಚಾರ್ ಸಮಿತಿಯ 2006ರ ವರದಿ ಬಂದ ಮೇಲೆ ಇಂಥ ಅಂಕಿಗಳನ್ನು ನಾವು ಎಲ್ಲ ವೇದಿಕೆಗಳಲ್ಲೂ ಹೇಳಿದ್ದೇವೆ. ನಮ್ಮ ಊರಿನ ಅಂಕಿಯನ್ನು ಅದರ ಪಕ್ಕದಲ್ಲಿಡಬೇಕಾದರೆ ಅದೇ ಕೊಳಗದಲ್ಲಿ ಅಳೆದಿರಬೇಕು. ಆದ್ದರಿಂದ ಬಿಡಿಸಿ ಕೇಳಿ: ಯಾವ ಭಾಷೆ ಓದುತ್ತೀರಿ? ಓದಿದ್ದು ಅರ್ಥವಾಗುತ್ತದೆಯೇ? ಅದರಲ್ಲಿ ಬರೆಯುತ್ತೀರಾ?

ಎರಡನೆಯ ಅಪಾಯ ನಮ್ಮೊಳಗೇ ಇದೆ. ಹೆಣ್ಣುಮಕ್ಕಳು ಶಾಲೆ ಬಿಡುವುದು ಬಡತನದಿಂದ ಎಂದು ನಾವು ಮೊದಲೇ ನಂಬಿರುತ್ತೇವೆ. ಹಾಗಾಗಿ 'ಬಡತನದ ಕಾರಣ ಮಗಳ ಓದು ನಿಲ್ಲಿಸಿದಿರಾ?' ಎಂದು ಕೇಳುತ್ತೇವೆ. ಸಂಘದಿಂದ ಬಂದವರು ಸಹಾಯಧನ ಕೊಟ್ಟಾರು ಎಂದುಕೊಂಡ ತಂದೆ ಇಲ್ಲ ಎನ್ನುತ್ತಾನೆಯೇ? ಬದಲಿಗೆ ಹೀಗೆ ಕೇಳಿ: 'ಮಗಳು ಕೊನೆಯದಾಗಿ ಯಾವ ತರಗತಿಯಲ್ಲಿದ್ದಳು? ಆ ವರ್ಷ ಏನಾಯಿತು?' ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಹೈಸ್ಕೂಲು ದೂರ, ಸಂಜೆ ಬಸ್ಸಿಲ್ಲ, ಗಣಿತದಲ್ಲಿ ಫೇಲು, ಸಂಬಂಧ ಕೂಡಿಬಂತು, ಅಮ್ಮನಿಗೆ ಹುಷಾರಿಲ್ಲ: ಏನು ಬೇಕಾದರೂ ಬರಬಹುದು. ಬಸ್ಸಿನ ತೊಂದರೆಗೆ ವಿದ್ಯಾರ್ಥಿವೇತನ ಕೊಟ್ಟರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಈ ಪ್ರಶ್ನೆಯನ್ನು ಸಾಧ್ಯವಾದರೆ ಆ ಹುಡುಗಿಯನ್ನೇ ಕೇಳಬೇಕು. ಕೇಳುವವರು ವಿದ್ಯಾರ್ಥಿನಿಯರೇ ಆಗಿರಲಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಮಾತಾಡಲಿ. ಅತ್ತೆಯ ಎದುರು ಸೊಸೆ, ಅಪ್ಪನ ಎದುರು ಮಗಳು ಬಾಯಿ ಬಿಡುವುದು ನಮ್ಮಲ್ಲಿ ಅಪರೂಪ.

'ಮಾಸಿಕ ಆದಾಯ ಎಷ್ಟು?' ಎಂಬುದು ನೌಕರರಿಗೆ ಮಾಡಿದ ಪ್ರಶ್ನೆ. ಅಡಿಕೆ ಕೊನೆಕೊಯ್ಲಿನಲ್ಲಿ ಕೈತುಂಬ ಕೆಲಸವಿದ್ದು ಆಷಾಢದ ಮಳೆಯಲ್ಲಿ ಮನೆಯಲ್ಲಿ ಕೂರುವ ಕೂಲಿಕಾರರಿಗೆ ಅದಕ್ಕೆ ಉತ್ತರವೇ ಇಲ್ಲ. ಕಳೆದ ವಾರ ಎಷ್ಟು ದಿನ ಕೆಲಸ ಸಿಕ್ಕಿತು, ದಿನಕ್ಕೆಷ್ಟು ಎಂದು ಕೇಳಿ. ಮಳೆಗಾಲದ ಲೆಕ್ಕ ಬೇರೆಯೇ ಬರೆದುಕೊಳ್ಳಿ.

ಭಾಷೆಯದೂ ಒಂದು ತೊಡಕು. ಫಾರಂ ಕನ್ನಡದಲ್ಲಿರುತ್ತದೆ, ಮನೆಯ ಮಾತು ಉರ್ದು ಅಥವಾ ಬ್ಯಾರಿ. ಪ್ರತಿಯೊಬ್ಬ ಸ್ವಯಂಸೇವಕ ತನಗೆ ತೋಚಿದಂತೆ ಅನುವಾದಿಸಿ ಕೇಳಿದರೆ ಇಪ್ಪತ್ತು ಜನ ಇಪ್ಪತ್ತು ಪ್ರಶ್ನೆ ಕೇಳಿದ ಹಾಗೆ. ಮೂರೂ ಭಾಷೆಯಲ್ಲಿ ವಾಕ್ಯ ಮೊದಲೇ ಗೊತ್ತುಮಾಡಿ. ಬಳಿಕ ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಕನ್ನಡಕ್ಕೆ ತಿರುಗಿಸಿ ಹೋಲಿಸಿ ನೋಡಿ.

ಇನ್ನು ಯಾರನ್ನು ಕೇಳಬೇಕು? ಜುಮಾ ನಮಾಜಿನ ನಂತರ ಮಸೀದಿ ಬಾಗಿಲಲ್ಲಿ ಫಾರಂ ಹಂಚಿದರೆ ಒಂದೇ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮಹಿಳೆಯರ ಮಾತು ಬರುವುದಿಲ್ಲ, ದೂರದ ತೋಟದ ಕೂಲಿಗಳೂ ಸಿಗುವುದಿಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಟೆಲಿಫೋನು, ಕಾರು ಇದ್ದವರ ಪಟ್ಟಿಗಳಿಂದಲೇ ಹೆಚ್ಚಿನ ಹೆಸರು ಆರಿಸಿದ್ದರು, ಉತ್ತರ ಬರೆದು ಕಳುಹಿಸಿದವರೂ ಒಂದು ಬಗೆಯವರೇ. ನಾವು ಎಲ್ಲ ಜಮಾಅತ್‌ಗಳ ಮನೆಪಟ್ಟಿ ಮಾಡಿ, ಯಾವ ಜಮಾಅತ್ತಿನ ಪಟ್ಟಿಯಲ್ಲೂ ಇಲ್ಲದ ಬಾಡಿಗೆ ಮನೆಗಳನ್ನೂ ಸೇರಿಸಿ, ಚೀಟಿ ಎತ್ತಿ ಮೊದಲ ಮನೆ ಆರಿಸಿ, ಅಲ್ಲಿಂದ ಪ್ರತಿ ಹತ್ತನೆಯ ಮನೆಗೆ ಹೋಗೋಣ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗಬೇಡಿ, ಸಂಜೆ ಮತ್ತೆ ಹೋಗಿ. ದುಡಿಯಲು ಹೋದವರ ಮನೆಯೇ ಬಾಗಿಲು ಹಾಕಿರುವುದು.

2025ರ ಸೆಪ್ಟೆಂಬರ್ 22ರಂದು ಆರಂಭವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಮಾಹಿತಿ ಕೊಡುವಂತೆ ಯಾರನ್ನೂ ಬಲವಂತ ಮಾಡಬಾರದು, ಕೊಟ್ಟದ್ದನ್ನು ಗೌಪ್ಯವಾಗಿಡಬೇಕು ಎಂದು ಹೈಕೋರ್ಟ್ ಮಧ್ಯಂತರ ಆದೇಶ ನೀಡಿತು. ಸರ್ಕಾರಕ್ಕೇ ಆ ಕಟ್ಟಳೆ ಇರುವಾಗ ನಮಗೆ ಇಲ್ಲವೇ? ಫಾರಂ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು. ಯಾರ ಮನೆಯಲ್ಲಿ ಏನು ಹೇಳಿದರೆಂಬುದು ಕಮಿಟಿಯ ಚಹಾದ ಜೊತೆ ಚರ್ಚೆಯಾಗಕೂಡದು.

ಮಳೆ ಹಿಡಿಯುವ ಮೊದಲು ತಾಲ್ಲೂಕಿಗೆ ಐದರಂತೆ ಹದಿನೈದು ಮನೆಗಳಲ್ಲಿ ಪರೀಕ್ಷಾರ್ಥವಾಗಿ ಕೇಳಿ ಬನ್ನಿ. ಎರಡು ವಾರ ಬಿಟ್ಟು ಅದೇ ಮನೆಗಳಿಗೆ ಇನ್ನೊಬ್ಬರು ಹೋಗಿ ಅದೇ ಪ್ರಶ್ನೆ ಕೇಳಲಿ. ಯಾವ ಪ್ರಶ್ನೆಗೆ ಉತ್ತರ ಬದಲಾಯಿತು, ಎಲ್ಲಿ ಜನ ತಡವರಿಸಿದರು, ಎಲ್ಲಿ 'ಏನಂದಿರಿ?' ಎಂದು ತಿರುಗಿ ಕೇಳಿದರು ಎಂಬುದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ತನ್ನಿ. ಆ ಗುರುತುಗಳನ್ನು ಮುಂದಿಟ್ಟುಕೊಂಡು ಮುಂದಿನ ಸಭೆಯಲ್ಲಿ ಪ್ರಶ್ನೆಗಳನ್ನು ತಿದ್ದೋಣ.